ಮೊಟ್ಟೆಗೆ ಬರುವ ಹ್ಯಾಟೆಯ ಗುರುತು

ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಸಾಮಾನ್ಯವಾಗಿ ಐದೂವರೆ, ಆರು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಮೊದಲು ಬದಲಾಗುವುದು ಜುಟ್ಟು: ಮಾಸಲು ಗುಲಾಬಿ ಹೋಗಿ ಕೆಂಪೇರುತ್ತದೆ. ಬೆನ್ನ ಮೇಲೆ ಕೈಯಿಟ್ಟಾಗ ಓಡದೆ, ರೆಕ್ಕೆ ಅಗಲಿಸಿ ಕುಕ್ಕರು ಕೂತರೆ ಇನ್ನು ಒಂದೆರಡು ವಾರ ಅಷ್ಟೇ. ಅನುಮಾನವಿದ್ದರೆ ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಿ. ಎರಡು ಬೆರಳು ಹಿಡಿಸಿದರೆ ಹೊತ್ತು ಬಂತು. ಆಗಲೇ ಮಂಕರಿಗೆ ಹುಲ್ಲು ಹಾಸಿ ಕತ್ತಲ ಮೂಲೆಯಲ್ಲಿಡಿ. ತಡಮಾಡಿದರೆ ಬೇಲಿ ಬುಡದಲ್ಲಿ ಇಟ್ಟುಬಿಡುತ್ತವೆ, ಮುಂಗುಸಿಗೆ ಹಬ್ಬ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಕೊಡುವ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿರಲಿ, ಮೇವಿಗೆ ಬೆರೆಸಬೇಡಿ. ಕ್ಯಾಲ್ಸಿಯಂ ಹೆಚ್ಚಾದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ.

ಹುಂಜಗಳದ್ದೇ ತಕರಾರು. ಹತ್ತು ಹ್ಯಾಟೆಗೆ ಒಂದು ಸಾಕು. ಮೂರ್ನಾಲ್ಕು ಬಿಟ್ಟುಕೊಂಡರೆ ಹ್ಯಾಟೆಗಳ ಬೆನ್ನಲ್ಲಿ ಪುಕ್ಕವೇ ಉಳಿಯುವುದಿಲ್ಲ.