ಹಂಚು ಇಳಿಸಿದ ಭಾನುವಾರ

ಹೊಸ ಚರ್ಚ್ ಅಂದರೆ ಊರಿನವರಿಗೆ ಅಡಿಗಲ್ಲು, ಶಾಮಿಯಾನ, ಬಿಷಪರ ಕಾರು ನೆನಪಾಗುತ್ತದೆ. ನನಗೆ ನೆನಪಿರುವುದು ಹಳೆಯ ಚರ್ಚಿನ ಹಂಚು ಇಳಿಸಿದ ದಿನ.

ನಮ್ಮದು ಮಂಗಳೂರು ಕಡೆಯ ಸಣ್ಣ ಚರ್ಚ್. ಕೆಂಪುಕಲ್ಲಿನ ದಪ್ಪ ಗೋಡೆ, ಮೇಲೆ ಹಂಚು. ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಹಬ್ಬಕ್ಕೆ ಅರ್ಧ ಜನ ಹೊರಗೇ ನಿಲ್ಲಬೇಕಿತ್ತು. ಬಿಷಪರು ಬರೆದು ಒಪ್ಪಿಗೆ ಕೊಡದೆ ಚರ್ಚ್ ಕಟ್ಟುವಂತಿಲ್ಲ. ಆ ಪತ್ರ ಬಂತು. ಪರಮ ಪ್ರಸಾದವನ್ನು, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು, ಮೆರವಣಿಗೆಯಲ್ಲಿ ಶಾಲೆಯ ಹಾಲಿಗೆ ಒಯ್ದೆವು.

ಆ ಭಾನುವಾರ ಪೂಜೆ ಮುಗಿದ ಕೂಡಲೇ ಶ್ರಮದಾನ. ವಾಳೆಗೆ, ಅಂದರೆ ಚರ್ಚಿನ ಒಂದೊಂದು ವಾರ್ಡಿಗೆ, ಇಷ್ಟು ಜನ ಅಂತ ಅದರ ಮುಖಂಡರಾದ ಗುರಿಕಾರರು ಹೇಳಿದ್ದರು, ಬಂದವರು ಅದಕ್ಕಿಂತ ಜಾಸ್ತಿ. ಮಾಡಿನ (ಛಾವಣಿಯ) ಮೇಲೆ ಬಡಗಿ ಆಚಾರಿಗಳು, ಏಣಿಯಲ್ಲಿ ಹುಡುಗರು, ಅಂಗಳದ ತನಕ ನಮ್ಮ ಸಾಲು. "ಪೊರ್ಬುಲೇ, ಮಾತು ಆಮೇಲೆ, ಮೊದಲು ಕೈ ನೋಡಿ!" ಅಂತ ಮೇಲಿನಿಂದ ಗದರಿಕೆ. ಪೊರ್ಬು ಅಂದರೆ ತುಳುವಿನಲ್ಲಿ ನಮ್ಮಂಥ ಕ್ರೈಸ್ತರು.

ಒಂದು ಹಂಚು ತಿರುಗಿಸಿ ಬಲೆ, ಧೂಳು ಒರೆಸಿದೆ. ಬಾಸೆಲ್ ಮಿಶನ್ ಅಂತ ಅಚ್ಚು, ಜೊತೆಗೆ 1865. ಮಂಗಳೂರಲ್ಲಿ ಅವರು ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು. ಪಕ್ಕದ ಹಂಚಿನಲ್ಲಿ ಬೇರೆ ಕಾರ್ಖಾನೆಯ ಹೆಸರು. ಒಡೆದಾಗೆಲ್ಲ ಸಿಕ್ಕಿದ್ದನ್ನು ಹಾಕಿದ್ದಾರೆ. ಬಾಸೆಲ್‌ನವರು ಪ್ರೊಟೆಸ್ಟೆಂಟ್ ಮಿಷನರಿಗಳು. ಅಂದರೆ ಇಷ್ಟು ವರ್ಷ ನಮ್ಮ ಕ್ಯಾಥೊಲಿಕ್ ಪೂಜೆಗೆ ಪ್ರೊಟೆಸ್ಟೆಂಟ್ ಹಂಚಿನ ನೆರಳು! ಮಳೆ ಸೋರದಿದ್ದರೆ ಆಯ್ತು, ಅಲ್ವಾ.

ಮಧ್ಯಾಹ್ನಕ್ಕೆ ಮಾಡು ಖಾಲಿ. ಗಂಜಿ ಬಡಿಸುತ್ತಿದ್ದ ಹೆಂಗಸೊಬ್ಬರು ಸೌಟು ಹಿಡಿದೇ ಒಳಗೆ ಇಣುಕಿದರು. "ನಮ್ಮ ಇಗರ್ಜಿ ಇಷ್ಟು ಚಿಕ್ಕದಾ?" ಅಂದರು. ಹೌದು, ಮಾಡು ಹೋದ ಮೇಲೆ ಅದು ಕುಗ್ಗಿದಂತೆ ಕಾಣುತ್ತಿತ್ತು. ಮದುವೆ, ನಾಮಕರಣ, ಸಾವು ಎಲ್ಲ ಇಷ್ಟರಲ್ಲೇ ಹೇಗೆ ನಡೆಯಿತೋ.

ಆಮೇಲಿನದು ಎಲ್ಲ ಕಡೆಯ ಕಥೆಯೇ. ಗಲ್ಫಿನ ದುಡ್ಡು, ಲಕ್ಕಿಡಿಪ್, ಪಿಲ್ಲರ್, ಸ್ಲ್ಯಾಬ್. ಮೀಟಿಂಗಿನಲ್ಲಿ ಗೋಪುರದ ಎತ್ತರಕ್ಕೆ, ಬಣ್ಣಕ್ಕೆ ಜಗಳವೋ ಜಗಳ. ದನಿಯ ಮಾತು ಯಾರೂ ಎತ್ತಲಿಲ್ಲ. ಹಂಚು, ಮರದ ಮುಚ್ಚಿಗೆ ದನಿಯನ್ನು ಹೀರುತ್ತಿದ್ದವು. ಕಾಂಕ್ರೀಟು ಅದನ್ನು ತಿರುಗಿಸಿ ಎಸೆಯುತ್ತದೆ. ಪ್ರತಿಷ್ಠೆಯ ದಿನ ಬಿಷಪರು ಅಂಗಿಯ ತೋಳು ಮಡಚಿ, ಬಲಿಪೀಠದ ಕಲ್ಲಿಗೆ ಪವಿತ್ರ ತೈಲ ಸುರಿದು ಅಂಗೈಯಿಂದ ಉಜ್ಜಿದ್ದು ಕೊನೆಯ ಬೆಂಚಿಗೂ ಚೆನ್ನಾಗಿ ಕಂಡಿತು. ಪ್ರಸಂಗ ಮಾತ್ರ ಒಂದಕ್ಷರ ತಿಳಿಯಲಿಲ್ಲ, ಪ್ರತಿ ಮಾತೂ ಎರಡೆರಡು ಸಲ ಬರುತ್ತಿತ್ತು.

ಈಗ ಗೋಡೆಗೆ ಸೌಂಡ್ ಪ್ಯಾನೆಲ್ ಹಾಕಿಸಬೇಕಂತೆ. ಹೋದ ವಾರ ಮತ್ತೆ ಮನೆ ಮನೆಗೆ ವಂತಿಗೆಯ ಲಕೋಟೆ ಬಂದಿದೆ.