ಎಲ್ಲಾ ಚೆನ್ನಾಗಿದೆ ಸಿಸ್ಟರ್

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್. ವಾರ್ಡಿನ ಕೆಲಸದ ಜೊತೆಗೆ ಕ್ವಾಲಿಟಿ ಫೈಲೂ ನನ್ನದೇ. ಎನ್‌ಕ್ವಾಸ್, ಅಂದರೆ ಸರ್ಕಾರಿ ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಸರ್ಟಿಫಿಕೇಟ್, ಬೇಕೆಂದರೆ ರೋಗಿಗಳ ಅಭಿಪ್ರಾಯ ತಿಂಗಳು ತಿಂಗಳು ಬರೆದಿಡಬೇಕು. ಒಳರೋಗಿಗಳದ್ದು ನಾವು 30 ಫಾರಂ ತುಂಬಿಸುತ್ತೇವೆ. ಪ್ರತಿ ಪ್ರಶ್ನೆಗೂ 1ರಿಂದ 5 ಅಂಕ.

ಅವತ್ತು ತಿಂಗಳ ಕೊನೆ. ಇನ್ನೂ ಹನ್ನೊಂದು ಫಾರಂ ಬಾಕಿ ಇತ್ತು. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿ ಮನೆಗೆ ಹೊರಟಿದ್ದಳು. ಡಿಸ್ಚಾರ್ಜ್ ಚೀಟಿ ಇನ್ನೂ ಕೈಗೆ ಬಂದಿರಲಿಲ್ಲ. ಅವಳ ತಾಯಿಯೇ ಉತ್ತರ ಕೊಟ್ಟರು. "ಎಲ್ಲಾ ಚೆನ್ನಾಗಿದೆ ಸಿಸ್ಟರ್. ನೀವೇ ಬರ್ಕೊಳಿ." ಎಲ್ಲದಕ್ಕೂ 5 ಹಾಕಿದೆ.

ಏಳುವಾಗ ಯಾಕೋ ಕೇಳಿದೆ. "ಮಾತ್ರೆ ಯಾವಾಗ ತಗೋಬೇಕು ಅಂತ ಯಾರಾದ್ರೂ ಹೇಳಿದ್ರೇನಮ್ಮಾ?"

ಹುಡುಗಿ ಬಟ್ಟೆ ಚೀಲದಿಂದ ಒಂದು ಕಾಗದದ ಕವರ್ ತೆಗೆದಳು. ಒಳಗೆ ಕತ್ತರಿಯಲ್ಲಿ ತುಂಡು ಮಾಡಿದ ಎರಡು ಪಟ್ಟಿ. ಒಂದರ ಮೇಲೆ ಹೆಸರಿನ ಅರ್ಧ ಉಳಿದಿತ್ತು, ಇನ್ನೊಂದರಲ್ಲಿ ಅದೂ ಇಲ್ಲ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಎರಡನ್ನೂ ಒಟ್ಟಿಗೇ ನುಂಗುತ್ತಿದ್ದಳಂತೆ. ಒಟ್ಟಿಗೆ ತಗೊಂಡರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೆರಿಗೆಯಾದ ಮೇಲೆ 180 ದಿನ ತಗೋಬೇಕಾದ ಮಾತ್ರೆ ಅದು.

ನಾನು ಮತ್ತೆ ಕೂತೆ. "ರಾತ್ರಿ ನೋವು ಬಂದಾಗ ಕರೆದೆಯಾ? ಯಾರಾದ್ರೂ ಬಂದ್ರಾ?"

ಅವಳು ತಾಯಿಯ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಎರಡು ಸಲ ಕರೆದೆ. ಆಮೇಲೆ ಸುಮ್ನಾದೆ."

ನರ್ಸ್‌ಗಳ ನಡವಳಿಕೆಗೆ ಆಗಷ್ಟೇ 5 ಹಾಕಿದ್ದ ಫಾರಂ ನನ್ನ ತೊಡೆಯ ಮೇಲೇ ಇತ್ತು. ಡ್ಯೂಟಿ ಪಟ್ಟಿ ತೆಗೆದು ನೋಡಿದೆ. ಆ ರಾತ್ರಿ ಹೆರಿಗೆ ಕೋಣೆಗೂ ವಾರ್ಡಿಗೂ ಸೇರಿ ಇದ್ದದ್ದು ಒಬ್ಬಳೇ ಸಿಸ್ಟರ್. ಅವಳು ತಾನೇ ಏನು ಮಾಡಿಯಾಳು?

"ಖುಷಿಯಾಯ್ತಾ" ಅಂತ ಕೇಳಿದರೆ ನಮ್ಮ ಜನ ಇಲ್ಲ ಅನ್ನುವುದಿಲ್ಲ. ಚೀಟಿ ನಮ್ಮ ಕೈಯಲ್ಲಿರುವಾಗ ಅಂತೂ ಅನ್ನುವುದೇ ಇಲ್ಲ. ಏನು ನಡೆಯಿತು ಅಂತ ಕೇಳಬೇಕು. ಅಮೆರಿಕದಲ್ಲಿ 2006ರಿಂದ ನಡೆಸುತ್ತಿರುವ ಸಮೀಕ್ಷೆಯಲ್ಲಿ ಹಾಗೇ ಕೇಳುತ್ತಾರೆ. ನರ್ಸ್ ನಿಮ್ಮ ಮಾತು ಗಮನವಿಟ್ಟು ಕೇಳಿದ್ದು ಯಾವಾಗಲೂನಾ, ಕೆಲವೊಮ್ಮೆನಾ, ಇಲ್ಲವೇ ಇಲ್ಲವಾ ಅಂತ. ಅದೂ ರೋಗಿ ಮನೆಗೆ ಹೋಗಿ ಎರಡು ದಿನ ಕಳೆದ ಮೇಲೆ. ನಮ್ಮ ಕೇಂದ್ರ ಸರ್ಕಾರದ 'ಮೇರಾ ಅಸ್ಪತಾಲ್' ಕೂಡ 2016ರಿಂದ ಫೋನ್, ಎಸ್ಎಂಎಸ್ ಮೂಲಕ ಕೇಳುತ್ತಿದೆ. ಆದರೆ ಮನೆಯ ಒಂದೇ ಫೋನ್ ಗಂಡನ ಜೇಬಿನಲ್ಲಿದ್ದರೆ ಬಾಣಂತಿಯ ಮಾತು ಎಲ್ಲಿ ಸಿಗುತ್ತದೆ, ಅಲ್ವಾ?

ಹಾಗಾಗಿ ನಾವು ಆಶಾ ಕಾರ್ಯಕರ್ತೆಯರನ್ನು ಕೇಳಿಕೊಂಡೆವು. ಮಗು ನೋಡಲು ಏಳನೇ ದಿನ ಅವರು ಹೇಗೂ ಮನೆಗೆ ಹೋಗುತ್ತಾರೆ. ಅದೇ ಊರಿನವರು. ಅವರ ಹತ್ತಿರ ಹೆಂಗಸರು ಬಾಯಿ ಬಿಡುತ್ತಾರೆ. ಮಾತ್ರೆಯದು, ರಾತ್ರಿಯದು, ಎರಡೇ ಪ್ರಶ್ನೆ.

ಅಂಕ ಇಳಿಯಿತು. ಮೀಟಿಂಗಿನಲ್ಲಿ ಯಾಕೆ ಇಳಿಯಿತು ಅಂತ ಕೇಳಿದರು. ಆಶಾ ಬರೆದು ತಂದ ಹಾಳೆಗಳನ್ನೇ ಓದಿ ಹೇಳಿದೆ. ಈಗ ಫಾರ್ಮಸಿಯಲ್ಲಿ ಒಂದೊಂದು ಮಾತ್ರೆಗೆ ಒಂದೊಂದು ಕವರ್. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ, ಪೆನ್ನಲ್ಲಿ ಬರೆದು ಕೊಡುತ್ತಾರೆ.

ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಇನ್ನೂ ಬಂದಿಲ್ಲ. ಎರಡನೇ ಪ್ರಶ್ನೆಯನ್ನು ನಾನು ತೆಗೆದಿಲ್ಲ.