ನೀವಿಲ್ಲದ ಕೋಣೆಯಲ್ಲಿ ನಿಮ್ಮ ಹೆಸರು

ಬಡ್ತಿಯ ಪಟ್ಟಿ ಹೊರಬಿದ್ದ ವಾರ ನಾನು ಲಿಫ್ಟ್ ಹತ್ತುವುದಿಲ್ಲ, ಮೆಟ್ಟಿಲಲ್ಲೇ ಓಡಾಡುತ್ತೇನೆ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. "ಮೇಡಂ, ಅವರಿಗೆ ಕೊಟ್ಟಿರಿ, ನನಗೇಕೆ ಇಲ್ಲ?" ಎಂದು ಕೇಳಿದರೆ ಮಾನವ ಸಂಪನ್ಮೂಲ ವಿಭಾಗದವಳಾದ ನಾನು ಕೊಡಬಹುದಾದ ಅಧಿಕೃತ ಉತ್ತರ ಒಂದೇ: "ನಿಮ್ಮ ಮ್ಯಾನೇಜರ್ ಜೊತೆ ಮಾತನಾಡಿ." ಅದು ಉತ್ತರವಲ್ಲ ಎಂದು ಕೇಳಿದವರಿಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಅನಧಿಕೃತ ಉತ್ತರ ಬರೆಯುತ್ತಿದ್ದೇನೆ. ಯಾವ ಕಂಪನಿ, ಯಾವ ವರ್ಷ ಎಂದು ಕೇಳಬೇಡಿ. ನಾನು ಕೆಲಸ ಮಾಡಿದ ಕಡೆಯೆಲ್ಲ ಹೆಚ್ಚುಕಡಿಮೆ ಹೀಗೇ ನಡೆದಿದೆ.

ಕೊನೆಯ ತೀರ್ಮಾನ ಆಗುವುದು ಒಂದು ಸಭೆಯಲ್ಲಿ. ವಿಭಾಗದ ಮುಖ್ಯಸ್ಥರು, ಅವರ ಕೈಕೆಳಗಿನ ಮ್ಯಾನೇಜರುಗಳು, ಟಿಪ್ಪಣಿ ಬರೆದುಕೊಳ್ಳಲು ನಾನು. ಗೋಡೆಯ ಪರದೆಯ ಮೇಲೆ ಒಂದು ಎಕ್ಸೆಲ್ ಹಾಳೆ: ಹೆಸರು, ಈಗಿನ ಹುದ್ದೆ, ರೇಟಿಂಗ್, ಷರಾ. ಹುದ್ದೆಗಳು ಕಡಿಮೆ, ಹೆಸರುಗಳು ಹೆಚ್ಚು. ಎಲ್ಲರೂ ಒಪ್ಪುವ ಹೆಸರು ಬಂದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಯಾರಿಗೂ ಗೊತ್ತಿಲ್ಲದ ಹೆಸರು ಬಂದರೂ ಅಷ್ಟೇ. ಉಳಿದ ಸಮಯವೆಲ್ಲ ಇವೆರಡರ ನಡುವಿನವರಿಗೆ ಹೋಗುತ್ತದೆ.

ಒಮ್ಮೆ ಲೆಕ್ಕಪತ್ರ ವಿಭಾಗದ ಒಬ್ಬ ಮಹಿಳೆಯ ಹೆಸರು ಬಂತು. ತಿಂಗಳ ಕೊನೆಯ ಲೆಕ್ಕ ಮುಗಿಸಿ ವರದಿ ಕೊಡುವುದು ಅವರ ಕೆಲಸ. ವರ್ಷಗಟ್ಟಲೆ ಒಂದು ತಪ್ಪೂ ಇಲ್ಲದೆ ಮಾಡಿಕೊಂಡು ಬಂದಿದ್ದರು. ಅವರ ಮ್ಯಾನೇಜರ್ ಒಳ್ಳೆಯ ಮನುಷ್ಯ, ಬಡ್ತಿ ಕೊಡಿಸಬೇಕೆಂಬ ಆಸೆಯೂ ಇತ್ತು. "ತುಂಬಾ ಶ್ರಮಜೀವಿ, ಯಾವ ಕೆಲಸ ಕೊಟ್ಟರೂ ಇಲ್ಲ ಎನ್ನುವುದಿಲ್ಲ" ಎಂದರು. ಮುಖ್ಯಸ್ಥರು, "ಈ ವರ್ಷ ಏನು ಮಾಡಿದರು?" ಎಂದು ಕೇಳಿದರು. ಮ್ಯಾನೇಜರ್ ತಮ್ಮ ಲ್ಯಾಪ್‌ಟಾಪಿನತ್ತ ನೋಡಿದರು, ಏನೋ ಹುಡುಕಿದರು, ಮತ್ತೆ "ಎಲ್ಲ ಸಮಯಕ್ಕೆ ಸರಿಯಾಗಿ ಮಾಡುತ್ತಾರೆ" ಎಂದರು. ಇನ್ನೊಬ್ಬ ಮ್ಯಾನೇಜರ್ ಯಾವ ದುರುದ್ದೇಶವೂ ಇಲ್ಲದೆ, "ನಮಗೆ ಅವರ ಜೊತೆ ಅಷ್ಟು ಒಡನಾಟವಿಲ್ಲ" ಎಂದು ಸೇರಿಸಿದರು. ಕರ್ಸರ್ ಮುಂದಿನ ಸಾಲಿಗೆ ಇಳಿಯಿತು.

ಇದರಲ್ಲಿ ರಾಜಕೀಯವಿರಲಿಲ್ಲ, ಪಕ್ಷಪಾತವೂ ಇರಲಿಲ್ಲ. ಅವರ ಪರವಾಗಿ ಹೇಳಲು ಆ ಮ್ಯಾನೇಜರ್ ಬಳಿ ಎರಡು ಗಟ್ಟಿ ವಾಕ್ಯಗಳಿರಲಿಲ್ಲ, ಅಷ್ಟೇ. ನಾನು ಕಂಡಂತೆ ಬಡ್ತಿ ತಪ್ಪಿದ ಪ್ರಕರಣಗಳಲ್ಲಿ ಹೆಚ್ಚಿನವು ಈ ಜಾತಿಯವು. ಯೋಗ್ಯತೆಯ ಕೊರತೆಗಿಂತ ವಾಕ್ಯಗಳ ಕೊರತೆಯೇ ಹೆಚ್ಚು. ಎಡವಟ್ಟಾದ ಮೇಲೆ ರಾತ್ರಿಯೆಲ್ಲ ಕುಳಿತು ಸರಿಪಡಿಸಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಎಡವಟ್ಟು ಆಗದಂತೆ ನೋಡಿಕೊಂಡವರು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವೊಮ್ಮೆ ಎಡವಟ್ಟು ಮಾಡಿದವರೂ ಸರಿಪಡಿಸಿದವರೂ ಒಬ್ಬರೇ ಆಗಿರುತ್ತಾರೆ. ಆದರೂ ಚಪ್ಪಾಳೆ ಬೀಳುತ್ತದೆ.

ನೆನಪಿನ ಸ್ವಭಾವವೇ ಹೀಗೆ. 1979ರಲ್ಲಿ ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು, ಮನೆಯ ಜವಾಬ್ದಾರಿಗಳಲ್ಲಿ ತಮ್ಮ ಪಾಲೆಷ್ಟು ಎಂದು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು. ಇಬ್ಬರ ಪಾಲನ್ನೂ ಕೂಡಿಸಿ ನೋಡಿದರೆ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ನೂರು ಶೇಕಡಾ ದಾಟಿತ್ತು. ಯಾರೂ ಸುಳ್ಳು ಹೇಳಿದ್ದಲ್ಲ. ನಾವು ಮಾಡಿದ್ದು ನಮಗೆ ಸುಲಭವಾಗಿ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದು ಅಷ್ಟು ಸುಲಭವಾಗಿ ನೆನಪಾಗುವುದಿಲ್ಲ. ಒಂದೇ ಸೂರಿನಡಿ ಬದುಕುವವರ ಕತೆಯೇ ಹೀಗಾದರೆ, ಹತ್ತು ಹನ್ನೆರಡು ಜನರನ್ನು ನೋಡಿಕೊಳ್ಳುವ ಮ್ಯಾನೇಜರ್ ನಿಮ್ಮ ಇಡೀ ವರ್ಷವನ್ನು ತಲೆಯಲ್ಲಿಟ್ಟುಕೊಂಡು ಸಭೆಗೆ ಬರುತ್ತಾರೆ ಎಂದು ನಂಬುವುದು ಅತಿಯಾಯಿತು. ಅವರ ತಲೆಯಲ್ಲಿರುವುದು ಕಳೆದ ಎರಡು ತಿಂಗಳು. ಅದರಲ್ಲೂ ಅವರಿಗೆ ತಲೆನೋವು ತಂದ ಸಂಗತಿಗಳು.

ಹಾಗಾಗಿ ಆ ವಾಕ್ಯಗಳನ್ನು ನೀವೇ ಬರೆದುಕೊಡಬೇಕು. ವಾರದ ಕೊನೆಗೆ ನಾಲ್ಕು ಸಾಲು ಸಾಕು: ಏನು ಮಾಡಿದೆ, ಅದನ್ನು ಯಾರು ಬಳಸಿದರು, ಅದರಿಂದ ಏನು ಬದಲಾಯಿತು, ಇದನ್ನು ಹೌದು ಎನ್ನಬಲ್ಲವರು ಯಾರು. ಕೊನೆಯ ಸಾಲನ್ನು ಎಲ್ಲರೂ ಬಿಡುತ್ತಾರೆ, ಆದರೆ ಸಭೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ. ತಿಂಗಳಿಗೊಮ್ಮೆ ಅದರಲ್ಲಿ ಮುಖ್ಯವಾದದ್ದನ್ನು ಆರಿಸಿ ಮ್ಯಾನೇಜರ್‌ಗೆ ಇಮೇಲ್ ಮಾಡಿ. ಪುಟಗಟ್ಟಲೆ ಬೇಡ, ಮೊಬೈಲ್ ಪರದೆಯಲ್ಲಿ ಜಾರಿಸದೆ ಓದುವಷ್ಟಿರಲಿ.

ಆ ಲೆಕ್ಕಪತ್ರ ವಿಭಾಗದವರ ವಿಷಯಕ್ಕೆ ಬರುತ್ತೇನೆ. ಮುಂದಿನ ವರ್ಷದ ಸ್ವ-ಮೌಲ್ಯಮಾಪನದ ನಮೂನೆ ತುಂಬುವಾಗ ಅವರು ನನ್ನ ಮೇಜಿನ ಬಳಿ ಬಂದರು. "ತಿಂಗಳ ವರದಿಯನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿದೆ" ಎಂದು ಬರೆದಿದ್ದರು. ವರದಿ ಯಾವ ದಿನ ಹೋಗುತ್ತದೆ ಎಂದು ಕೇಳಿದೆ. "ಮೊದಲು ಐದನೇ ತಾರೀಕು ಹೋಗುತ್ತಿತ್ತು, ಈಗ ಎರಡಕ್ಕೇ ಹೋಗುತ್ತದೆ" ಎಂದರು, ಅದೊಂದು ವಿಶೇಷವೇ ಅಲ್ಲ ಎಂಬ ಧಾಟಿಯಲ್ಲಿ. ಯಾರಿಗೆ ಹೋಗುತ್ತದೆ? ಖರೀದಿ ವಿಭಾಗಕ್ಕೆ. ಬೇಗ ಹೋಗುವುದರಿಂದ ಖರೀದಿಯವರಿಗೇನು ಲಾಭ? ಅದು ಅವರಿಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. ಫೋನ್ ಮಾಡಿ ಕೇಳಿದರೆ, ಅಲ್ಲಿಯವರು ಆರ್ಡರುಗಳನ್ನು ಮೂರು ದಿನ ಮೊದಲೇ ಕಳಿಸುತ್ತಿದ್ದರು, ತುರ್ತು ಸಾಗಣೆಯ ಖರ್ಚು ಇಳಿದಿತ್ತು. ಒಂದು ಫೋನ್ ಕರೆಯಲ್ಲಿ ವಾಕ್ಯ ಬದಲಾಯಿತು: "ತಿಂಗಳ ವರದಿ ಐದರ ಬದಲು ಎರಡನೇ ತಾರೀಕಿಗೆ ಸಿದ್ಧವಾಗುತ್ತಿರುವುದರಿಂದ ಖರೀದಿ ವಿಭಾಗ ಮೂರು ದಿನ ಮೊದಲೇ ಆರ್ಡರ್ ಕಳಿಸುತ್ತಿದೆ, ತುರ್ತು ಸಾಗಣೆ ಕಡಿಮೆಯಾಗಿದೆ." ಆ ವರ್ಷದ ಸಭೆಯಲ್ಲಿ ಅವರ ಹೆಸರು ಬಂದಾಗ ಮೊದಲು ಬಾಯಿ ತೆರೆದವರು ಅವರ ಮ್ಯಾನೇಜರ್ ಅಲ್ಲ, ಖರೀದಿ ವಿಭಾಗದ ಮ್ಯಾನೇಜರ್.

ಇದನ್ನು ಹೇಳಿದಾಗಲೆಲ್ಲ ಬರುವ ಆಕ್ಷೇಪ: ನಮ್ಮನ್ನು ನಾವೇ ಹೊಗಳಿಕೊಳ್ಳುವುದೇ? ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನನ್ನೆದುರು ಹೇಳಿದವರಿಗೆ ಲೆಕ್ಕವಿಲ್ಲ. ಸರಿ, ತುಳುಕಬೇಡಿ. ಕೊಡ ಎಲ್ಲಿದೆ ಎಂದಾದರೂ ಹೇಳಿ! ಮೇಲಿನ ವಾಕ್ಯದಲ್ಲಿ ಹೊಗಳಿಕೆಯ ಒಂದು ಪದವಾದರೂ ಇದೆಯೇ, ಮತ್ತೊಮ್ಮೆ ಓದಿ ನೋಡಿ. ತಾರೀಕಿದೆ, ಪರಿಣಾಮವಿದೆ. "ನಾನು ಅತ್ಯಂತ ನಿಷ್ಠೆಯಿಂದ, ಬದ್ಧತೆಯಿಂದ ದುಡಿದಿದ್ದೇನೆ" ಎಂಬುದು ಹೊಗಳಿಕೆ, ಮತ್ತು ಆ ಕೋಣೆಯಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ.

ಇನ್ನೊಂದು ದೂರು, ಬಹುಶಃ ಅತಿ ಹಳೆಯದು: ಕೆಲಸ ನನ್ನದು, ಹೆಸರು ಮೇಲಧಿಕಾರಿಯದು. ಇಲ್ಲಿ ಎರಡು ಬಗೆಯವರಿದ್ದಾರೆ. ಒಂದು ಬಗೆಯವರು "ನಮ್ಮ ತಂಡ ಮಾಡಿತು" ಎಂದು ಹೇಳಿ ಹೆಸರು ಹೇಳಲು ಮರೆಯುತ್ತಾರೆ. ಅದು ಅಜಾಗರೂಕತೆ. ಸಭೆಯ ಹಿಂದಿನ ದಿನವೇ ಅವರಿಗೆ ಸಿದ್ಧ ಸಾರಾಂಶ ಕಳಿಸಿ, ಯಾರು ಯಾವ ಭಾಗ ಮಾಡಿದರು ಎಂದು ಅದರಲ್ಲಿ ಬರೆದಿರಿ. ನಿಮ್ಮ ಹೆಸರಷ್ಟೇ ಅಲ್ಲ, ಸಹೋದ್ಯೋಗಿಗಳ ಹೆಸರೂ ಇರಲಿ. ಅರ್ಧಕ್ಕರ್ಧ ಸಲ ಅವರು ಅದನ್ನು ಹಾಗೆಯೇ ಓದುತ್ತಾರೆ, ಯಾಕೆಂದರೆ ಹೊಸದಾಗಿ ಬರೆಯಲು ಅವರಿಗೂ ಪುರುಸೊತ್ತಿಲ್ಲ. ಎರಡನೆಯ ಬಗೆಯವರು ಗೊತ್ತಿದ್ದೇ ಕಿತ್ತುಕೊಳ್ಳುವವರು. ಅವರೊಂದಿಗೆ ಸಭೆಯಲ್ಲಿ ಜಗಳಕ್ಕಿಳಿದರೆ ಸೋಲುವುದು ನೀವೇ. ಬೇರೆ ವಿಭಾಗಗಳ ಜೊತೆ ನೇರವಾಗಿ ಕೆಲಸ ಮಾಡಲು ದಾರಿ ಹುಡುಕಿ, ಸಾಕ್ಷಿಗಳು ತಾವಾಗಿ ಹುಟ್ಟುತ್ತಾರೆ. ಎರಡು ಮೌಲ್ಯಮಾಪನ ಕಳೆದರೂ ಏನೂ ಬದಲಾಗದಿದ್ದರೆ ಆ ಮನುಷ್ಯನನ್ನು ತಿದ್ದಲು ಹೋಗದೆ ತಂಡ ಬದಲಿಸಿ.

ಮಹಿಳೆಯರಿಗೆ ಒಂದು ಮಾತು, ಗಂಡಸರೂ ಓದಿ. ಸಭೆಯ ನಡಾವಳಿ ಬರೆಯುವುದು, ಬೀಳ್ಕೊಡುಗೆಗೆ ಹಣ ಸಂಗ್ರಹಿಸುವುದು, ಹೊಸಬರಿಗೆ ಕಂಪ್ಯೂಟರ್ ಕೊಡಿಸುವುದು, ಸಮಾರಂಭಕ್ಕೆ ಸಭಾಂಗಣ ಕಾಯ್ದಿರಿಸುವುದು: ಇವೆಲ್ಲ ಯಾರಾದರೂ ಮಾಡಲೇಬೇಕಾದ ಕೆಲಸಗಳು, ಆದರೆ ನಾನು ಕುಳಿತ ಯಾವ ಸಭೆಯಲ್ಲೂ ಬಡ್ತಿಗೆ ಕಾರಣವಾಗಿ ಬಂದಿಲ್ಲ. ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡಸರೂ ಹೆಂಗಸರೂ ಸೇರಿದ ಗುಂಪುಗಳಲ್ಲಿ ಇಂಥ ಕೆಲಸಕ್ಕೆ ಮುಂದಾದವರಲ್ಲಿ ಹೆಂಗಸರ ಪ್ರಮಾಣ ಗಂಡಸರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಗುಂಪಿನಲ್ಲಿ ಬರೀ ಗಂಡಸರೇ ಇದ್ದಾಗ ಅವರೂ ಅಷ್ಟೇ ಮುಂದಾದರು! ಅಂದರೆ ಇದು ಹೆಂಗಸರ ಸ್ವಭಾವವಲ್ಲ, ಅವರು ಮಾಡುತ್ತಾರೆ ಎಂಬ ಎಲ್ಲರ ನಿರೀಕ್ಷೆ. ಮುಖಕ್ಕೆ ಹೊಡೆದಂತೆ "ಆಗುವುದಿಲ್ಲ" ಎನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. "ಈ ಸಲದ ನಡಾವಳಿ ನಾನು ಬರೆಯುತ್ತೇನೆ, ಮುಂದಿನದ್ದು ಯಾರು?" ಎಂದು ಎಲ್ಲರೆದುರು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಆ ಸುಮ್ಮನಿರುವುದು ಕಷ್ಟ. ಅಭ್ಯಾಸ ಮಾಡಿಕೊಳ್ಳಿ.

"ಇನ್ನೂ ಸ್ವಲ್ಪ ಪ್ರಬುದ್ಧತೆ ಬೇಕು." "ನಾಯಕತ್ವದ ಗುಣ ಕಾಣಬೇಕು." ಬಡ್ತಿ ಸಿಗದವರಿಗೆ ಮ್ಯಾನೇಜರುಗಳು ಕೊಡುವ ಈ ಮಾತುಗಳನ್ನು ಓದಿ ಓದಿ ನನಗೆ ಅಲರ್ಜಿಯಾಗಿದೆ. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಎಂಬ ಸಂಶೋಧಕರು ಕೆಲಸದ ಬಗ್ಗೆ ಕೊಡುವ ಪ್ರತಿಕ್ರಿಯೆಯ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಪ್ರತಿಕ್ರಿಯೆ ಪಡೆದ ಮೇಲೆ ಕೆಲಸ ಇನ್ನಷ್ಟು ಕೆಟ್ಟಿತ್ತು. ಅವರ ವಿವರಣೆಯ ಸಾರ ಇಷ್ಟು: ಗಮನ ಕೆಲಸವನ್ನು ಬಿಟ್ಟು "ನಾನು ಎಂಥವನು" ಎಂಬ ಕಡೆಗೆ ಹೊರಳಿದಷ್ಟೂ ಅದರಿಂದಾಗುವ ಪ್ರಯೋಜನ ಕಡಿಮೆ. ಪ್ರಬುದ್ಧತೆಯ ಮಾತು ನೇರವಾಗಿ ಅಲ್ಲಿಗೇ ಹೊರಳಿಸುತ್ತದೆ. ಹಾಗೆ ಹೇಳಿದಾಗ ವಾದಿಸಬೇಡಿ, ಮನೆಗೆ ಹೋಗಿ ಕೊರಗಲೂ ಬೇಡಿ. "ಈ ವರ್ಷದ ಯಾವ ಕೆಲಸದಲ್ಲಿ ನಾನು ಬೇರೆ ರೀತಿ ನಡೆದುಕೊಂಡಿದ್ದರೆ ನಿಮ್ಮ ಅಭಿಪ್ರಾಯ ಬದಲಾಗುತ್ತಿತ್ತು?" ಎಂದು ಕೇಳಿ. ಒಳ್ಳೆಯ ಮ್ಯಾನೇಜರ್ ಒಂದು ನಿಮಿಷ ಯೋಚಿಸಿ ಒಂದು ಘಟನೆ ಹೇಳುತ್ತಾರೆ. ಹೇಳಲಾಗದಿದ್ದರೆ, ನಿಜವಾದ ಕಾರಣ ಬೇರೆಯೇ ಇದೆ ಎಂದು ನಿಮಗೆ ತಿಳಿದಂತಾಯಿತು.

ಈ ಪ್ರಶ್ನೆಯನ್ನು ಮೌಲ್ಯಮಾಪನದ ಫಲಿತಾಂಶದ ಪತ್ರ ಕೈಗೆ ಬಂದ ಮೇಲೆ ಕೇಳುವವರೇ ಹೆಚ್ಚು, ಅದು ತಡ. ಸ್ವ-ಮೌಲ್ಯಮಾಪನದ ನಮೂನೆ ನಿಮ್ಮ ಕೈಗೆ ಬರುವ ಹೊತ್ತಿಗೆ ವಿಭಾಗಕ್ಕೆ ಎಷ್ಟು ಹುದ್ದೆ, ಎಷ್ಟು ಹಣ ಎಂಬುದು ಬಹುಪಾಲು ನಿಗದಿಯಾಗಿರುತ್ತದೆ, ಮ್ಯಾನೇಜರುಗಳ ಮನಸ್ಸಿನಲ್ಲಿ ಕರಡು ಪಟ್ಟಿಯೂ ಇರುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳ ಮೊದಲೇ "ಮುಂದಿನ ಹುದ್ದೆಗೆ ನನ್ನನ್ನು ಪರಿಗಣಿಸಿ, ಯಾವುದು ಕೊರತೆ ಹೇಳಿ" ಎಂದು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದವರಿಗೆ ಆಸಕ್ತಿಯಿಲ್ಲ ಎಂದು ಆ ಕೋಣೆಯಲ್ಲಿ ಭಾವಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಬಡ್ತಿ ಎಂದರೆ ಜನರನ್ನು ನೋಡಿಕೊಳ್ಳುವ ಕೆಲಸವೇ ಆಗಿದ್ದರೆ, ಅದು ನಿಮಗೆ ಬೇಕೇ ಎಂದೂ ಕೇಳಿಕೊಳ್ಳಿ. ಪ್ರತಿಯೊಬ್ಬನೂ ತನ್ನ ಅಸಮರ್ಥತೆಯ ಮಟ್ಟ ಮುಟ್ಟುವವರೆಗೆ ಮೇಲೇರುತ್ತಾನೆ ಎಂದು ಶಿಕ್ಷಣತಜ್ಞ ಲಾರೆನ್ಸ್ ಪೀಟರ್ 1969ರಲ್ಲಿ ಅರ್ಧ ತಮಾಷೆಯಾಗಿ ಹೇಳಿದ್ದ. 2019ರಲ್ಲಿ ಬೆನ್ಸನ್, ಲಿ ಮತ್ತು ಶೂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಜಾಲಾಡಿದಾಗ ತಮಾಷೆ ನಿಜವೆಂದು ಕಂಡಿತು: ಹೆಚ್ಚು ಮಾರಿದವರಿಗೆ ಬಡ್ತಿ ಸಿಗುತ್ತಿತ್ತು, ಆದರೆ ಅವರ ಕೈಕೆಳಗಿನವರ ಮಾರಾಟ ಇಳಿಯುವ ಸಂಭವ ಹೆಚ್ಚಿತ್ತು. ಕೋಡ್ ಬರೆಯುವುದರಲ್ಲೋ ಲೆಕ್ಕ ಬಿಡಿಸುವುದರಲ್ಲೋ ಸುಖ ಕಾಣುವವರು ಇಡೀ ದಿನ ಇತರರ ರಜೆಯ ಅರ್ಜಿ ನೋಡುತ್ತಾ ಒಣಗಿದ್ದನ್ನು ಕಂಡಿದ್ದೇನೆ.

ಹೊರಗೆ ಹೋಗುವುದೇ ಸರಿ ಎನಿಸಿದರೆ ಆಪ್ತ ಗೆಳೆಯರನ್ನಷ್ಟೇ ನೆಚ್ಚಿ ಕೂರಬೇಡಿ. ಅವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಅಪರೂಪಕ್ಕೆ ಮಾತನಾಡುವ ಪರಿಚಯದವರಿಂದಲೇ ಕೆಲಸದ ಸುದ್ದಿ ಬರುವುದು ಹೆಚ್ಚು ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಷ್ಟು ಹಿಂದೆಯೇ ವಾದಿಸಿದ್ದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗವೂ ಅದನ್ನೇ ಸ್ವಲ್ಪ ತಿದ್ದಿ ಹೇಳಿತು: ತೀರಾ ಅಪರಿಚಿತರೂ ಅಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವಿನವರು. ಐದು ವರ್ಷ ಹಿಂದೆ ಪಕ್ಕದ ತಂಡದಲ್ಲಿದ್ದು ಕೆಲಸ ಬಿಟ್ಟವರು, ಅಂಥವರು. ನಿಮಗೆ ಕೆಲಸ ಬೇಕಾದಾಗ ಮಾತ್ರ ಅವರಿಗೆ ಸಂದೇಶ ಕಳಿಸಿದರೆ ಅವರಿಗೂ ಗೊತ್ತಾಗುತ್ತದೆ, ಈಗಲೇ ಕಳಿಸಿ.

ರಾಜೀನಾಮೆ ಕೊಟ್ಟ ಮೇಲೆ ಹಳೆಯ ಕಂಪನಿ ಹೆಚ್ಚಿನ ಸಂಬಳದ ಪತ್ರ ತೋರಿಸಿ ಉಳಿಸಿಕೊಳ್ಳಲು ನೋಡಿದರೆ? ನಿಮ್ಮ ದೂರು ಸಂಬಳದ್ದಷ್ಟೇ ಆಗಿದ್ದರೆ ಉಳಿಯಿರಿ. ಬೇರೇನಾದರೂ ಇದ್ದರೆ, ಅದು ಆ ಪತ್ರದಲ್ಲಿ ಬರೆದಿಲ್ಲ ಎಂಬುದನ್ನು ನೋಡಿ.

ಎಲ್ಲ ಮಾಡಿಯೂ ಸಿಗಲಿಲ್ಲ ಎನ್ನುವವರು ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಿ: ಈ ವರ್ಷ ನಮ್ಮ ವಿಭಾಗದಲ್ಲಿ ಹುದ್ದೆ ಇತ್ತೇ? ಎಷ್ಟೋ ಸಲ ಇರುವುದೇ ಇಲ್ಲ. ಜನ ಮಾತ್ರ ತಮ್ಮಲ್ಲೇ ಏನೋ ಕೊರತೆ ಎಂದು ವರ್ಷವಿಡೀ ನರಳುತ್ತಾರೆ. ಹುದ್ದೆ ಇರಲಿಲ್ಲವೆಂದರೆ ಯಾವಾಗ ಬರಬಹುದು ಎಂದು ಕೇಳಿ. ಇದ್ದು ಇನ್ನೊಬ್ಬರಿಗೆ ಹೋಗಿದ್ದರೆ, ಅವರ ಪರವಾಗಿ ಸಭೆಯಲ್ಲಿ ಏನು ಹೇಳಲಾಯಿತು ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಉತ್ತರಿಸಲು ಮ್ಯಾನೇಜರ್ ಹಿಂಜರಿಯಬಹುದು, ಆದರೆ ಉತ್ತರಿಸಬಾರದು ಎಂಬ ನಿಯಮ ನಾನು ಕೆಲಸ ಮಾಡಿದ ಎಲ್ಲೂ ಇರಲಿಲ್ಲ.